ಏಳು ಒತ್ತಿದರೆ ಎಂಟು

ನಮ್ಮ ಆಫೀಸಿನಲ್ಲಿ ಅವನಿಗೆ ಬೃಹಸ್ಪತಿ ಎಂದು ಹೆಸರಿಟ್ಟಿದ್ದರು. ಇಟ್ಟವರು ಕುಹಕಕ್ಕೆ ಇಟ್ಟಿದ್ದು. ಅವನು ಅದನ್ನು ಬಿರುದು ಎಂದುಕೊಂಡು ಹೊತ್ತು ತಿರುಗುತ್ತಿದ್ದ. ಯಾರಾದರೂ "ಬೃಹಸ್ಪತಿಗಳು ಏನಂತಾರೆ?" ಎಂದು ಕೇಳಿದರೆ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಕಣ್ಣು ಮುಚ್ಚಿ, ಮೊದಲು ನಮ್ಮ ಅಜ್ಞಾನಕ್ಕೊಂದು ನಿಟ್ಟುಸಿರು ಬಿಟ್ಟು, ಆಮೇಲೆ ಬಾಯಿ ತೆರೆಯುತ್ತಿದ್ದ.

ಬಣ್ಣದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾವು ಹದಿನಾಲ್ಕು ಜನ ಆಸ್ಪತ್ರೆಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಟೋಕನ್, ಸರದಿ ಪಟ್ಟಿ, ರಿಪೋರ್ಟು, ಇಂಥವು. ಬರೆಯುವವನು ಅವನು, ಪರೀಕ್ಷಿಸುವವಳು ನಾನು. ಅವನು ಬರೆದದ್ದನ್ನು ಆಸ್ಪತ್ರೆಗೆ ಕಳಿಸುವ ಮುಂಚೆ ಹೀಗೆ ಒತ್ತಿ, ಹಾಗೆ ಒತ್ತಿ, ತಪ್ಪು ಹುಡುಕಿ, ಸಿಗದಿದ್ದರೆ "ಸರಿಯಿದೆ" ಎಂದು ಸಹಿ ಹಾಕುವುದು ನನ್ನ ಕೆಲಸ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ನಾವು ಮೊದಲು ಬಳಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ಕಟ್ಟುನಿಟ್ಟಿನದು. ಇದು ಸಂಖ್ಯೆ, ಇದು ಅಕ್ಷರ, ಇದು ತಾರೀಖು ಎಂದು ಮೊದಲೇ ಬರೆದುಕೊಡಬೇಕು. ಕೊಡದಿದ್ದರೆ ಮುಂದಕ್ಕೆ ಒಂದು ಹೆಜ್ಜೆ ಇಡುವುದಿಲ್ಲ. ಬೃಹಸ್ಪತಿ ಕಳೆದ ವರ್ಷ ಅದೇ ಯಂತ್ರದ ಮೇಲೆ ಓಡುವ ಇನ್ನೊಂದು ಭಾಷೆಯನ್ನು ತಂದ. ಅದಕ್ಕೆ ಏನನ್ನೂ ಹೇಳಬೇಕಾಗಿಲ್ಲ. ಓಡುವ ಹೊತ್ತಿಗೆ ಕೈಗೆ ಏನು ಬಂತೋ ನೋಡಿಕೊಂಡು ತಾನೇ ತೀರ್ಮಾನ ಮಾಡುತ್ತದೆ.

"ಹಳೇದು ಒಳ್ಳೆ ಗೇಟಿನ ಕಾವಲುಗಾರನ ಥರ ಮೇಡಂ," ಎಂದಿದ್ದ. "ಯಾರು ನೀನು, ಎಲ್ಲಿಂದ ಬಂದೆ, ಚೀಟಿ ಎಲ್ಲಿ! ಇದು ಹಾಗಲ್ಲ. ಮುಖ ನೋಡಿದ್ರೆ ಸಾಕು, ಇದಕ್ಕೆ ಗೊತ್ತಾಗುತ್ತೆ."

ಮುಖ ನೋಡಿ ಎಲ್ಲ ಗೊತ್ತಾಗುತ್ತದೆ ಎನ್ನುವವರನ್ನು ನನ್ನ ಜೀವನದಲ್ಲಿ ಬಹಳ ಕಂಡಿದ್ದೇನೆ. ನನ್ನ ನಾದಿನಿಗೆ ಗಂಡು ನೋಡಿದವರೂ ಹಾಗೇ ಹೇಳಿದ್ದರು.

ಆ ನಾದಿನಿಯ ವಿಷಯ ಹೇಳಬೇಕು. ನನ್ನ ಗಂಡನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾದ ಮೂರನೇ ವರ್ಷ ಒಂದು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದವಳು ಎರಡು ವರ್ಷ ಹಿಂದಿನ ಕೋಣೆ ಬಿಟ್ಟು ಹೊರಬರಲಿಲ್ಲ. ಕರೆದರೆ ಊಟಕ್ಕೆ ಬರುತ್ತಿದ್ದಳು, ಮುಗಿಸಿ ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಆಮೇಲೆ ಒಂದು ದಿನ ತಾನೇ ಅರ್ಜಿ ಹಾಕಿ, ತಾನೇ ಹೋಗಿ ಮಾತಾಡಿ, ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಹಿಡಿದಳು. ಅಂದಿನಿಂದ ಅವಳ ದನಿ ಮನೆಯಲ್ಲಿ ಕೇಳತೊಡಗಿತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗುರುತಿನ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು. ಕೆಲವರಿಗೆ ಸರ ಕೂಡ ಅಷ್ಟು ಒಪ್ಪುವುದಿಲ್ಲ.

ಆ ಆಸ್ಪತ್ರೆಗೆ ಸಾಫ್ಟ್‌ವೇರ್ ಕೊಟ್ಟವರು ನಾವೇ. ಕೌಂಟರಿನಲ್ಲಿರುವವಳು ನನ್ನ ನಾದಿನಿ ಎಂದು ಆಫೀಸಿನಲ್ಲಿ ನಾನು ಯಾರಿಗೂ ಹೇಳಲಿಲ್ಲ. ನಾನೇ ಕೊಡಿಸಿದ ಕೆಲಸ ಅಂದುಕೊಂಡಾರು ಎಂದು ಹೆದರಿದೆ. ನಾನು ಎಲ್ಲದಕ್ಕೂ ಮೊದಲೇ ಹೆದರಿಟ್ಟುಕೊಳ್ಳುವವಳು.

ಅವಳ ಕೆಲಸ ಹೀಗೆ. ದಿನಾ ಬೆಳಿಗ್ಗೆ ಪೊರೆ ತೆಗೆಸಿಕೊಳ್ಳಲು ಇಪ್ಪತ್ತು ಇಪ್ಪತ್ತೈದು ಜನ ಬರುತ್ತಾರೆ. ಬಂದ ಕ್ರಮದಲ್ಲಿ ಟೋಕನ್ ಕೊಟ್ಟು ಪಟ್ಟಿಗೆ ಸೇರಿಸುತ್ತಾಳೆ. ಒಳಗೆ ನರ್ಸ್ ರಕ್ತ ನೋಡುತ್ತಾಳೆ. ಯಾರಿಗಾದರೂ ಸಕ್ಕರೆ ಏರಿದ್ದರೆ ಅಂದು ಶಸ್ತ್ರಚಿಕಿತ್ಸೆ ಇಲ್ಲ. ಅವರ ಟೋಕನ್ ನಂಬರನ್ನು ಕೌಂಟರಿಗೆ ಹೇಳಿ ಕಳಿಸುತ್ತಾರೆ. ನಾದಿನಿ ಆ ನಂಬರನ್ನು ಪರದೆಯಲ್ಲಿ ಹಾಕಿ "ತೆಗೆ" ಎಂಬ ಗುಂಡಿ ಒತ್ತುತ್ತಾಳೆ. ಉಳಿದ ಪಟ್ಟಿ ಮುದ್ರಣವಾಗಿ ಆಪರೇಷನ್ ಕೋಣೆಗೆ ಹೋಗುತ್ತದೆ. ಅಲ್ಲಿ ಪಟ್ಟಿ ಹೇಳಿದ್ದೇ ವೇದ.

ಆ ಸೋಮವಾರ ಏಳನೇ ಟೋಕನಿನ ಮುದುಕಿಗೆ ಸಕ್ಕರೆ ಮುನ್ನೂರು ದಾಟಿತ್ತು. ಅವಳನ್ನು ತೆಗೆಯಬೇಕಿತ್ತು. ಪಟ್ಟಿಯಿಂದ ಹೋಗಿದ್ದು ಎಂಟನೆಯವನು, ಒಬ್ಬ ದರ್ಜಿ. ಮುದುಕಿಯನ್ನು ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ಹಸಿರು ಬಟ್ಟೆ ಹೊದಿಸಿ, ಕಣ್ಣಿನ ಪಕ್ಕ ಸೂಜಿ ಹಿಡಿದಾಗ ನರ್ಸಿಗೆ ರಿಪೋರ್ಟಿನ ನೆನಪಾಯಿತು. ಒಂದು ನಿಮಿಷ ತಡವಾಗಿದ್ದರೆ ಚಾಕು ಇಳಿದಿರುತ್ತಿತ್ತು. ಆ ಸಕ್ಕರೆಯಲ್ಲಿ ಕೊಯ್ದ ಕಣ್ಣು ಕೀವಾಗಿ ಹೋದರೆ ಮತ್ತೆ ಬರುವುದಿಲ್ಲ.

ಸಂಜೆ ನಾದಿನಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನೋಟಿಸನ್ನು ಮೇಜಿನ ಮೇಲಿಟ್ಟಳು. ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ. ಕಂಪ್ಯೂಟರಿನ ದಾಖಲೆಯ ಪ್ರಕಾರ ಅವಳು ತೆಗೆದದ್ದು ಟೋಕನ್ ಎಂಟು. ನಿರ್ಲಕ್ಷ್ಯಕ್ಕಾಗಿ ಕೆಲಸದಿಂದ ಏಕೆ ತೆಗೆಯಬಾರದು, ಉತ್ತರಿಸತಕ್ಕದ್ದು.

"ನಾನು ಏಳು ಒತ್ತಿದ್ದು," ಎಂದಳು.

ನನ್ನ ಗಂಡ ಕಾಗದವನ್ನು ಎರಡು ಸಲ ಓದಿದರು. "ಏಳು, ಎಂಟು ಪಕ್ಕಪಕ್ಕದ ಕೀ ತಾನೇ ಪುಟ್ಟಿ? ಅವಸರದಲ್ಲಿ..."

"ಅಣ್ಣಾ, ನಿನ್ನ ತಂಗಿಗೆ ಏಳು ಯಾವುದು ಎಂಟು ಯಾವುದು ಗೊತ್ತಿಲ್ಲ ಅಂತೀಯಾ?"

"ಹಾಗಲ್ಲ. ಯಂತ್ರ ಸುಳ್ಳು ಹೇಳುತ್ತಾ?"

"ಹಾಗಾದ್ರೆ ಹೇಳ್ತಿರೋದು ನಾನು!"

ಅವರು ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು. ಅಣ್ಣಂದಿರ ಸಹಾನುಭೂತಿ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ನಾನು ಕೇಳಿದೆ, "ಇದಕ್ಕೆ ಮೊದಲು ಯಾವತ್ತಾದರೂ ಹೀಗೆ ಆಗಿತ್ತಾ?"

ಅವಳು ಚೀಲದಿಂದ ಅಂಗೈ ಅಗಲದ ಪುಸ್ತಕ ತೆಗೆದಳು. ಯಾರೂ ಕೇಳದಿದ್ದರೂ, ವಾಪಸು ಕಳಿಸಿದವರ ನಂಬರನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳುತ್ತಿದ್ದಳಂತೆ. "ಹತ್ತು ದಿನದ ಹಿಂದೆ ಇಬ್ಬರನ್ನ ತೆಗೆದಿದ್ದೆ ಅತ್ತಿಗೆ. ಮೂರು, ಆಮೇಲೆ ಹನ್ನೆರಡು. ಅವತ್ತು ಬೇರೆ ಯಾರೋ ಇಬ್ಬರು ಬಂದು ನಮ್ಮನ್ನ ಕರೀಲೇ ಇಲ್ಲ ಅಂತ ಜಗಳ ಆಡಿದ್ರು. ಮತ್ತೆ ಸೇರಿಸಿದೆ. ಸಕ್ಕರೆ ಇದ್ದ ಇಬ್ಬರು ಅಷ್ಟರಲ್ಲಿ ಮನೆಗೆ ಹೋಗಿದ್ರು, ಅದಕ್ಕೇ ಏನೂ ಆಗ್ಲಿಲ್ಲ. ನಿಮ್ಮ ಕಂಪನಿಗೆ ಫೋನೂ ಮಾಡಿದ್ದೆ."

"ಯಾರು ಮಾತಾಡಿದ್ರು?"

"ಯಾರೋ ದೊಡ್ಡ ಮನುಷ್ಯರು. ಕಣ್ಣಾಸ್ಪತ್ರೆಯಲ್ಲೇ ಇದ್ದೀರಲ್ಲ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ ಅಂದ್ರು."

ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ಆ ಮಾತನ್ನು ಅವನು ಫೋನಿಟ್ಟ ಮೇಲೆ ಇಡೀ ಆಫೀಸಿಗೆ ಮತ್ತೊಮ್ಮೆ ಹೇಳಿ ನಗಿಸಿದ್ದ. ನಾನೂ ತುಟಿ ಅರಳಿಸಿದ್ದೆ.

ಮಂಗಳವಾರ ಆಫೀಸಿನಲ್ಲಿ ದಾಖಲೆ ತೆಗೆದು ನೋಡಿದೆ. ಹತ್ತು ದಿನದ ಹಿಂದೆ ಪಟ್ಟಿಯಿಂದ ಹೋದವರು ನಾಲ್ಕು ಮತ್ತು ಹದಿನಾಲ್ಕು. ಮೂರು ಒತ್ತಲು ಹೋಗಿ ನಾಲ್ಕು ಒತ್ತಬಹುದು. ಹನ್ನೆರಡು ಒತ್ತಲು ಹೋಗಿ ಹದಿನಾಲ್ಕು ಒತ್ತುವ ಬೆರಳು ಎಲ್ಲಿ ಜಾರಿತು? ಆ ಲೆಕ್ಕ ನನ್ನನ್ನು ಇಡೀ ದಿನ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಪರೀಕ್ಷೆಯ ಕಂಪ್ಯೂಟರಿನಲ್ಲಿ ಇಪ್ಪತ್ತು ಜನರ ಪಟ್ಟಿ ಮಾಡಿದೆ. ಈ ಸಲ ಕಾಗದದ ಮೇಲೆ ಒಬ್ಬೊಬ್ಬರನ್ನೂ ಬರೆದುಕೊಂಡು ಕೂತೆ. ಮೂರು ಹಾಕಿ "ತೆಗೆ" ಒತ್ತಿದೆ. ನಾಲ್ಕು ಹೋಯಿತು. ಹನ್ನೆರಡು ಹಾಕಿ ಒತ್ತಿದೆ. ಹದಿನಾಲ್ಕು ಹೋಯಿತು. ಹೊಸ ಪಟ್ಟಿ ಮಾಡಿ ಏಳು ಒತ್ತಿದೆ. ಎಂಟು. ಬೆರಳು ಜಾರಿರಲಿಲ್ಲ. ಯಂತ್ರ ಏಳನೇ ಟೋಕನಿನವಳನ್ನು ಹುಡುಕುತ್ತಲೇ ಇರಲಿಲ್ಲ. ಅದು ಸಾಲಿನಲ್ಲಿ ಏಳನೇ ಸ್ಥಾನಕ್ಕೆ ಹೋಗಿ ಅಲ್ಲಿ ನಿಂತವನನ್ನು ಎಳೆದು ಹಾಕುತ್ತಿತ್ತು. ಸೊನ್ನೆಯಿಂದ ಎಣಿಸುವ ಯಂತ್ರಕ್ಕೆ ಏಳನೇ ಸ್ಥಾನ ಎಂದರೆ ಎಂಟನೆಯವನು. ಮೊದಲೇ ಒಬ್ಬ ಹೋಗಿ ಸಾಲು ಮುಂದೆ ಸರಿದಿದ್ದರೆ ಅದಕ್ಕೂ ಆಚೆಯವನು.

ಇದು ಯಾವತ್ತಿನಿಂದ ಎಂದು ಹುಡುಕಿದೆ. ಹುಡುಕುವಾಗಲೇ ಗೊತ್ತಿತ್ತು.

ಎರಡು ವಾರದ ಹಿಂದೆ ನಾನೇ ಒಂದು ದೂರು ಬರೆದಿದ್ದೆ. ಟೋಕನ್ ಚೀಟಿಯಲ್ಲಿ 07 ಎಂದು ಅಚ್ಚಾಗುತ್ತದೆ, ಕೌಂಟರಿನವರು ಬರೀ 7 ಹಾಕಿದರೆ ಪಟ್ಟಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಎರಡನ್ನೂ ಅಕ್ಷರಗಳಂತೆ ಇಟ್ಟಿದೆ, ಸಂಖ್ಯೆಯಾಗಿ ಬದಲಿಸಿ. ಬೃಹಸ್ಪತಿ ಹತ್ತು ನಿಮಿಷದಲ್ಲಿ ಬದಲಿಸಿ ಕೊಟ್ಟ. ನಾನು ಹತ್ತು ಜನರ ಪಟ್ಟಿ ಇಟ್ಟುಕೊಂಡು ಪರೀಕ್ಷಿಸಿದೆ. ನನ್ನ ವರದಿ ಇನ್ನೂ ಕಡತದಲ್ಲಿತ್ತು: "07 ಹಾಕಿದಾಗ ಹತ್ತು ಜನ ಒಂಬತ್ತಾದರು. 7 ಹಾಕಿದಾಗಲೂ ಒಂಬತ್ತಾದರು. ಸರಿಯಿದೆ." ಕೆಳಗೆ ನನ್ನ ಸಹಿ, ದುಂಡಗೆ, ಶಾಲೆಯಲ್ಲಿ ಕಲಿತ ಹಾಗೆ.

ಒಂಬತ್ತಾದರು ಎಂದು ಎಣಿಸಿದ್ದೆ. ಹೋದವರು ಯಾರು ಎಂದು ನೋಡಿರಲಿಲ್ಲ. ಕುರಿ ಎಣಿಸುವವನೂ ಒಮ್ಮೆ ಮುಖ ಎತ್ತಿ ಕುರಿ ನೋಡುತ್ತಾನೆ.

ಬೃಹಸ್ಪತಿ ಹತ್ತೂವರೆಗೆ ಬಂದ. ಅವನ ಮೇಜಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಮೊದಲು ನಕ್ಕ.

"ಸಾಧ್ಯವೇ ಇಲ್ಲ. ನಿಮಗೆ ಓವರ್‌ಲೋಡ್ ಅಂದ್ರೆ ಗೊತ್ತಾ ಮೇಡಂ? ಒಂದೇ ಹೆಸರು, ಎರಡು ಕೆಲಸ. ಪಟ್ಟಿಗೆ 'ತೆಗೆ' ಅಂತ ಹೇಳಿ ಬರೀ ಸಂಖ್ಯೆ ಕೊಟ್ರೆ ಆ ಸ್ಥಾನದಲ್ಲಿರೋದನ್ನ ತೆಗೆಯುತ್ತೆ. ವಸ್ತು ಕೊಟ್ರೆ ಆ ವಸ್ತುವನ್ನ ಹುಡುಕಿ ತೆಗೆಯುತ್ತೆ. ನಾನು ಸಂಖ್ಯೆಯನ್ನ ಬರಿಮೈಯಲ್ಲಿ ಕಳಿಸಿಲ್ಲ. ಡಬ್ಬಿಗೆ ಹಾಕಿ ಕೊಟ್ಟಿದ್ದೀನಿ. ಡಬ್ಬಿಯಲ್ಲಿರೋ ಸಂಖ್ಯೆ ವಸ್ತು. ಇಪ್ಪತ್ತು ವರ್ಷದಿಂದ ಹೀಗೇ ಬರೀತಿದ್ದೀನಿ."

"ಹಳೇ ಭಾಷೆಯಲ್ಲಿ ಬರೀತಿದ್ರಿ ಸರ್. ಇದು ಹೊಸದು."

"ಅದಕ್ಕೇನೀಗ?"

"ಇದು ಡಬ್ಬಿ ಬಿಚ್ಚಿ ನೋಡುತ್ತೆ. ಒಳಗೆ ಸಂಖ್ಯೆ ಇದೆ ಅಂತ ಗೊತ್ತಾದ್ರೆ ಸ್ಥಾನ ಅಂತಲೇ ತಿಳ್ಕೊಳ್ಳುತ್ತೆ. ಅಕ್ಷರವಾಗಿ ಇದ್ದಷ್ಟು ದಿನ ಹುಡುಕಿ ತೆಗೀತಿತ್ತು. ನೀವೇ ಒತ್ತಿ ನೋಡಿ."

ಅವನು ಒತ್ತಿ ನೋಡಿದ. ಇನ್ನೊಮ್ಮೆ ಒತ್ತಿದ. ಮೂರನೇ ಸಲ ಕೀಲಿಮಣೆಯನ್ನೇ ಅನುಮಾನಿಸಿ ನನ್ನ ಕೀಲಿಮಣೆಯಲ್ಲಿ ಒತ್ತಿದ. ಕಿವಿಯ ತುದಿ ಕೆಂಪಾಯಿತು. ಪುಸ್ತಕ ತೆರೆದು ನೋಡಬಹುದಿತ್ತು; ಆ ಭಾಷೆಯ ಕೈಪಿಡಿಯಲ್ಲಿ ಕಲಿಯುವವರಿಗೆ ಮೊದಲ ವಾರವೇ ಹೇಳುವ ಎಚ್ಚರಿಕೆ ಇದು. ಆದರೆ ಕೈಪಿಡಿ ಓದುವುದು ನಮ್ಮಂಥವರ ಕೆಲಸ. ಅವನು ಹಳೇ ಮನೆಯ ಬೀಗದ ಕೈಯನ್ನು ಹೊಸ ಮನೆಯ ಬಾಗಿಲಿಗೆ ಹಾಕಿ, ತಿರುಗಿತು ಎಂದು ಬೀಗುವ ಜಾತಿ. ಯಾವ ಬಾಗಿಲು ತೆರೆಯಿತು ಎಂದು ನೋಡುವವನಲ್ಲ.

ಸುತ್ತ ಯಾರಿದ್ದಾರೆ ಎಂದು ನೋಡಿ ದನಿ ತಗ್ಗಿಸಿದ. "ಒಂದೇ ಸಾಲು. ಶನಿವಾರ ಬದಲಿಸಿ ಕಳಿಸ್ತೀನಿ. ಮಾಮೂಲಿ ಸುಧಾರಣೆ ಅಂತ ಬರೆದ್ರಾಯ್ತು."

"ಇವತ್ತೇ ಯಾಕಾಗಲ್ಲ?"

"ಶುಕ್ರವಾರ ಅಲ್ಲಿ ಏನೋ ವಿಚಾರಣೆ ಇದೆಯಂತೆ. ನಮ್ಮನ್ನೂ ಕರೆದಿದ್ದಾರೆ, ದಾಖಲೆ ತೋರಿಸೋಕೆ. ಇವತ್ತು ಮುಟ್ಟಿದ್ರೆ ಯಾಕೆ ಮುಟ್ಟಿದ್ರಿ ಅಂತಾರೆ."

"ಆ ಕೌಂಟರಿನವರ ಕೆಲಸ ಹೋಗುತ್ತೆ."

"ಹೋದ್ರೆ ಇನ್ನೊಂದು ಕೌಂಟರು. ನಂಬರ್ ಒತ್ತೋ ಕೆಲಸಕ್ಕೆ ಬರವಾ?" ಎಂದ. ಆಮೇಲೆ ಬಹಳ ಮೃದುವಾಗಿ, "ಪರೀಕ್ಷೆ ಮಾಡಿ ಸಹಿ ಹಾಕಿದ್ದು ಯಾರು ಮೇಡಂ? ನೆನಪಿದೆ ತಾನೇ?"

ನೆನಪಿತ್ತು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ. ಅವನ ಮೇಲೆ ನನಗಿದ್ದ ಅಸಹ್ಯ ಅಷ್ಟಿಷ್ಟಲ್ಲ. ಆದರೆ ಅಸಹ್ಯದಿಂದ ಯಾರ ಕೆಲಸವೂ ಉಳಿಯುವುದಿಲ್ಲ.

ಮನೆಗೆ ಹೋಗಿ ಹೇಳುತ್ತೇನೆ ಎಂದು ಬಸ್ಸಿನಲ್ಲಿ ಮೂರು ಸಲ ಮಾತು ಜೋಡಿಸಿದೆ. ಮನೆಯಲ್ಲಿ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ನನ್ನ ಮುಖ ನೋಡಿ, "ಏನಾದ್ರೂ ಗೊತ್ತಾಯ್ತಾ ಅತ್ತಿಗೆ?" ಎಂದಳು. "ನೋಡ್ತಾ ಇದ್ದೀವಿ" ಎಂದೆ. ಇದ್ದೀವಿ! ಬೃಹಸ್ಪತಿಯನ್ನು ಸೇರಿಸಿಕೊಂಡು ಬಹುವಚನ ಆಡಿದ ನನ್ನ ನಾಲಿಗೆಗೆ ಏನು ಹೇಳಬೇಕು? ಆ ಸಹಿಯಿಂದ ಪಾರಾಗಲು ಒಂದು ದಾರಿ ಸಿಗಲಿ, ಅವನೇ ಒಪ್ಪಿಕೊಳ್ಳಲಿ, ಆಸ್ಪತ್ರೆಯವರೇ ಕ್ಷಮಿಸಲಿ, ಏನಾದರೂ ತಾನಾಗಿ ಆಗಲಿ ಎಂದು ಕಾದೆ. ನನ್ನಂಥವರು ಇದಕ್ಕೆ ಎಚ್ಚರಿಕೆ ಎಂದು ಹೆಸರಿಟ್ಟುಕೊಂಡಿರುತ್ತೇವೆ.

ಗುರುವಾರ ಸಂಜೆ ಅವಳು ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಅಣ್ಣನ ಸಲಹೆಯಂತೆ ಬರೆದ ಕ್ಷಮಾಪಣೆ ಪತ್ರ. ಒಪ್ಪಿಕೊಂಡುಬಿಟ್ಟರೆ ಎಚ್ಚರಿಕೆ ಕೊಟ್ಟು ಬಿಟ್ಟಾರು, ವಾದಿಸಿದರೆ ಕಳಿಸಿಯೇಬಿಡುತ್ತಾರೆ ಎಂದು ಅವರು ಹೇಳಿದ್ದರು.

"ನಾನು ಏಳೇ ಒತ್ತಿದ್ದು," ಎಂದಳು. "ಆದ್ರೆ ಮೂರು ದಿನದಿಂದ ಎಲ್ಲರೂ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ರೆ ನನ್ನ ಬೆರಳು ಎಂಟರ ಮೇಲೇ ಕಾಣುತ್ತೆ. ನೀವೊಂದ್ಸಲ ಓದಿ. ನಿಮಗೆ ಬರವಣಿಗೆ ಚೆನ್ನಾಗಿ ಬರುತ್ತೆ."

ಓದಿದೆ. "ನನ್ನ ಬೆರಳು ಜಾರಿ" ಎಂದಿತ್ತು. ಅದನ್ನು ಹೊಡೆದು "ನನ್ನ ಅಚಾತುರ್ಯದಿಂದ" ಎಂದು ಬರೆದೆ. "ದಯವಿಟ್ಟು" ಎರಡು ಸಲ ಬಂದಿತ್ತು, ಒಂದನ್ನು ತೆಗೆದೆ. ಕೊನೆಯ ವಾಕ್ಯ ಉದ್ದವಾಗಿತ್ತು, ಮುರಿದು ಎರಡು ಮಾಡಿದೆ. ಸುಳ್ಳೊಂದನ್ನು ಇಷ್ಟು ಶುದ್ಧವಾಗಿ ತಿದ್ದಿಕೊಟ್ಟವಳು ಇನ್ನೊಬ್ಬಳು ಇರಲಾರಳು.

"ಎಷ್ಟು ಚೆನ್ನಾಗಿ ಆಯ್ತು," ಎಂದಳು, ಒದ್ದೆ ಕಣ್ಣಿನಲ್ಲಿ. "ಥ್ಯಾಂಕ್ಸ್ ಅತ್ತಿಗೆ."

ಶುಕ್ರವಾರ ಬೃಹಸ್ಪತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಲ್ಯಾಪ್‌ಟಾಪ್ ಹೊತ್ತವಳು ನಾನು. ಆಡಳಿತಾಧಿಕಾರಿಯ ಕೋಣೆಯಲ್ಲಿ ಒಂದು ದೊಡ್ಡ ಮೇಜು, ಐದು ಕುರ್ಚಿ, ಗೋಡೆಯಲ್ಲಿ ಅಕ್ಷರಗಳು ಸಾಲು ಸಾಲಾಗಿ ಚಿಕ್ಕದಾಗುತ್ತ ಹೋಗುವ ಕಣ್ಣು ಪರೀಕ್ಷೆಯ ಫಲಕ. ಆಡಳಿತಾಧಿಕಾರಿ ಐವತ್ತು ದಾಟಿದ ಹೆಂಗಸು, ಗಡಿಯಾರವನ್ನು ಕೈಯಿಂದ ಬಿಚ್ಚಿ ಎದುರಿಗಿಟ್ಟುಕೊಂಡಿದ್ದರು. ನಾದಿನಿ ಬಾಗಿಲ ಪಕ್ಕದ ಕುರ್ಚಿಯ ಅಂಚಿನಲ್ಲಿದ್ದಳು. ನಾವು ಒಬ್ಬರನ್ನೊಬ್ಬರು ಗುರುತಿಲ್ಲದವರಂತೆ ನೋಡಿದೆವು. ಅದು ಅವಳದೇ ಯೋಚನೆ. ನನಗೆ ತೊಂದರೆಯಾಗಬಾರದೆಂದು.

ಬೃಹಸ್ಪತಿ ದಾಖಲೆಯನ್ನು ತೋರಿಸಿದ. "ಎಂಟು ನಲವತ್ತಕ್ಕೆ ಟೋಕನ್ ಎಂಟನ್ನ ತೆಗೆಯಲಾಗಿದೆ. ಯಂತ್ರಕ್ಕೆ ಯಾರ ಮೇಲೂ ದ್ವೇಷ ಇರಲ್ಲ ಮೇಡಂ. ಒತ್ತಿದ್ದನ್ನ ಮಾಡುತ್ತೆ, ಮಾಡಿದ್ದನ್ನ ಬರೆಯುತ್ತೆ. ಪಾಪ, ಇವರಿಗೆ ಸ್ವಲ್ಪ ತರಬೇತಿ ಕೊಡಿಸಿದ್ರೆ ಒಳ್ಳೇದು." ಪಾಪ ಎನ್ನುವಾಗ ಅವಳ ಕಡೆ ನೋಡಿ ಮುಗುಳ್ನಕ್ಕ.

"ನೀವೇನಂತೀರಿ?" ಎಂದು ಆಡಳಿತಾಧಿಕಾರಿ ನಾದಿನಿಯನ್ನು ಕೇಳಿದರು.

ಅವಳು ಎದ್ದಳು. ನಾಲ್ಕಾಗಿ ಮಡಿಸಿದ ಹಾಳೆಯನ್ನು ಬಿಡಿಸಿ ಮೇಜಿನ ಕಡೆ ಕೈ ಚಾಚಿದಳು. ಆ ಕೈ ಏಳು ಒತ್ತಿದ ಕೈ. ಹಾಳೆಯಲ್ಲಿ ನನ್ನ ಅಕ್ಷರ ಇತ್ತು.

"ಆ ಪತ್ರ ತಗೋಬೇಡಿ," ಎಂದೆ.

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಬೃಹಸ್ಪತಿ, "ಮೇಡಂ, ಇದು ನಮ್ಮ ವಿಷಯ ಅಲ್ಲ," ಎಂದ.

"ನಮ್ಮದೇ ವಿಷಯ. ಅವರು ಏಳು ಒತ್ತಿದ್ದು. ತೋರಿಸ್ತೀನಿ."

ಲ್ಯಾಪ್‌ಟಾಪ್ ತೆರೆದು ಸೋಮವಾರದ ಪಟ್ಟಿಯನ್ನೇ ಹಾಕಿದೆ. "ನೀವೇ ಒತ್ತಿ ಮೇಡಂ. ಏಳು. ಆಮೇಲೆ ತೆಗೆ."

ಆಡಳಿತಾಧಿಕಾರಿ ಒಂದೇ ಬೆರಳಿನಲ್ಲಿ, ಗಂಟೆ ಬಾರಿಸುವವರ ಹಾಗೆ ಒತ್ತಿದರು. ಪರದೆಯ ಮೇಲೆ ಮುದುಕಿ ಹಾಗೇ ಇದ್ದಳು. ದರ್ಜಿ ಮಾಯವಾಗಿದ್ದ. ಕೆಳಗೆ ದಾಖಲೆ ಮೂಡಿತು: ಟೋಕನ್ ಎಂಟನ್ನು ತೆಗೆಯಲಾಗಿದೆ.

ಅವರು ತಮ್ಮ ಬೆರಳನ್ನು ನೋಡಿಕೊಂಡರು. "ನಾನು ಏಳು ಒತ್ತಿದೆ."

"ಹೌದು."

"ಮತ್ತೆ ಎಂಟು ಅಂತ ಯಾಕೆ ಬರೆದಿದೆ?"

"ಹೋಗಿದ್ದು ಯಾರು ಅಂತ ಮಾತ್ರ ಬರೆಯುತ್ತೆ. ಒತ್ತಿದ್ದೇನು ಅಂತ ಬರೆಯಲ್ಲ. ಏಳು ಅನ್ನೋದನ್ನ ಟೋಕನ್ ಅಂತ ತಿಳ್ಕೊಳ್ಳದೆ ಸ್ಥಾನ ಅಂತ ತಿಳ್ಕೊಳ್ಳುತ್ತೆ." ಹತ್ತು ದಿನದ ಹಿಂದಿನ ಮೂರು, ಹನ್ನೆರಡನ್ನೂ ತೋರಿಸಿದೆ. ನಾದಿನಿ ಚೀಲದಿಂದ ತೆಗೆದುಕೊಟ್ಟ ಪುಟ್ಟ ಪುಸ್ತಕವನ್ನು ಆಡಳಿತಾಧಿಕಾರಿ ಪಕ್ಕದಲ್ಲಿಟ್ಟು ಹೋಲಿಸಿದರು. ಅಕ್ಷರಕ್ಕಕ್ಷರ ಹೊಂದಿತು.

ಬೃಹಸ್ಪತಿ ಗಂಟಲು ಸರಿಮಾಡಿಕೊಂಡ. "ತಾಂತ್ರಿಕವಾಗಿ ನೋಡಿದ್ರೆ ಇದು ದೋಷ ಅಲ್ಲ ಮೇಡಂ. ಭಾಷೆಯ ಸ್ವಭಾವ. ಡಬ್ಬಿಯಲ್ಲಿರೋ ಸಂಖ್ಯೆಯನ್ನ ಬಿಚ್ಚಿ, ಯಾವ ಆಜ್ಞೆ ಹೆಚ್ಚು ಹೊಂದುತ್ತೆ ಅಂತ ಅದು ಓಡುವಾಗ ಆಯ್ಕೆ ಮಾಡ್ಕೊಳ್ಳುತ್ತೆ."

"ಆ ಅಜ್ಜಿಯ ಕಣ್ಣು ಹೋಗಿದ್ರೆ ಮನೆಯವರಿಗೆ ಇದನ್ನೇ ಹೇಳ್ತಿದ್ರಾ? ಸ್ವಭಾವ ಅಂತ?" ಎಂದು ಆಡಳಿತಾಧಿಕಾರಿ ಕೇಳಿದರು.

ಅವನಿಗೆ ನಿಟ್ಟುಸಿರು ಬಿಡಲೂ ಆಗದ್ದನ್ನು ಅಂದೇ ಮೊದಲ ಸಲ ನೋಡಿದೆ. ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ.

"ಇಲ್ಲಿಗೆ ಕಳಿಸೋ ಮುಂಚೆ ಯಾರೂ ಪರೀಕ್ಷೆ ಮಾಡಲ್ವಾ?"

"ಮಾಡ್ತಾರೆ," ಎಂದ ಬೃಹಸ್ಪತಿ, ಥಟ್ಟನೆ. "ಇವರೇ."

"ಹೌದು, ನಾನೇ," ಎಂದೆ.

"ಏನು ನೋಡಿದ್ರಿ?"

"ಹತ್ತು ಜನ ಒಂಬತ್ತಾದ್ರಾ ಅಂತ ನೋಡಿದೆ."

"ಯಾರು ಹೋದ್ರು ಅಂತ?"

"ನೋಡಲಿಲ್ಲ."

ಆಡಳಿತಾಧಿಕಾರಿ ಬೈದಿದ್ದರೆ ವಾಸಿಯಿತ್ತು. ಮಾರುಕಟ್ಟೆಯಲ್ಲಿ ಕೊಳೆತ ಹಣ್ಣನ್ನು ಎತ್ತಿ, ನೋಡಿ, ಮತ್ತೆ ಅಲ್ಲೇ ಇಡುತ್ತಾರಲ್ಲ, ಹಾಗೆ ನನ್ನನ್ನು ನೋಡಿ ಕಣ್ಣು ತೆಗೆದರು. ಗಡಿಯಾರ ಕಟ್ಟಿಕೊಂಡರು. ನೋಟಿಸ್ ಹಿಂದೆ ತೆಗೆದುಕೊಂಡಿದ್ದೇವೆ, ಕೆಲಸಕ್ಕೆ ಹೋಗಬಹುದು ಎಂದು ನಾದಿನಿಗೆ ಹೇಳಿದರು. ನಮ್ಮ ಮಾಲೀಕರಿಗೆ ಇಂದೇ ಪತ್ರ ಬರುತ್ತದೆ, ಅದರಲ್ಲಿ ಇಬ್ಬರ ಹೆಸರೂ ಇರುತ್ತದೆ ಎಂದು ನಮಗೆ ಹೇಳಿದರು.

ನಾದಿನಿ ಅಲ್ಲಾಡಲಿಲ್ಲ. "ಬರವಣಿಗೆಯಲ್ಲಿ ಕೊಡಿ ಮೇಡಂ," ಎಂದಳು. "ನೋಟಿಸ್ ಬರವಣಿಗೆಯಲ್ಲಿ ಬಂದಿತ್ತು."

ಬರೆದುಕೊಟ್ಟರು. ಅವಳು ಅದನ್ನು ನಿಂತಲ್ಲೇ ಕೊನೆಯವರೆಗೆ ಓದಿ, ಮಡಿಸಿ, ಗುರುತಿನ ಕಾರ್ಡಿನ ಹಿಂದೆ ಸಿಕ್ಕಿಸಿಕೊಂಡಳು.

ಹೊರಗೆ ಓಣಿಯಲ್ಲಿ ಬೃಹಸ್ಪತಿ ನನ್ನನ್ನು ದಾಟಿ ಹೋಗುತ್ತ, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ," ಎಂದ. ಹಾಕಿದ ಕಲ್ಲು ತನ್ನ ಕಾಲಿಗೂ ಬಿದ್ದದ್ದು ಅವನಿಗಿನ್ನೂ ತಿಳಿದಿರಲಿಲ್ಲ. ಮುಖ ನೋಡಿ ತಿಳಿಯುವ ಸಂಗತಿಯಲ್ಲ ಅದು. ಮೆಟ್ಟಿಲಿಳಿದು ಹೋದ.

ನಾದಿನಿ ಬಂದು ನನ್ನ ಎರಡೂ ಕೈ ಹಿಡಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಅತ್ತಿಗೆ, ನೀವಿಲ್ದಿದ್ರೆ ಇವತ್ತು... ಯಾವಾಗ ಕಂಡುಹಿಡಿದ್ರಿ? ಬೆಳಿಗ್ಗೆನಾ?"

ಹೌದು ಎನ್ನಬಹುದಿತ್ತು. ಒಂದೇ ಶಬ್ದ, ಅವಳೇ ನನ್ನ ಬಾಯಿಗೆ ತಂದುಕೊಟ್ಟಿದ್ದು.

"ಬುಧವಾರ," ಎಂದೆ.

ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು. ಅವಳು ಎಣಿಸುತ್ತಿದ್ದುದು ಕಾಣುತ್ತಿತ್ತು. ಬುಧವಾರ. ಗುರುವಾರ. ಗುರುವಾರದ ಹತ್ತಿರ ಬಂದಾಗ ಅವಳ ಕಣ್ಣು ನಿಂತಿತು.

"ಗೊತ್ತಿದ್ದೂ ನನ್ನ ಪತ್ರ ತಿದ್ದಿಕೊಟ್ರಾ?"

ನಾನು ಸಹಿಯ ವಿಷಯ ಹೇಳತೊಡಗಿದೆ. ಹೆದರಿಕೆಯ ವಿಷಯ. ನನ್ನ ಕೆಲಸದ ವಿಷಯ. ಮಾತುಗಳು ಒಂದರ ಹಿಂದೊಂದು ಸರಿಯಾದ ಕ್ರಮದಲ್ಲಿ ಬಂದವು. ಅವಳು ಮಧ್ಯದಲ್ಲೇ ಕೈ ಬಿಡಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು ಕೌಂಟರಿಗೆ ಹೋದಳು. ಅಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು. ಅವಳ ದನಿ ಏರಿತು, ಸ್ಪಷ್ಟವಾಗಿ, ಸ್ವಲ್ಪವೂ ನಡುಗದೆ: "ಒಬ್ಬೊಬ್ಬರೇ ಬನ್ನಿ. ಅಜ್ಜಾ, ನಿಮ್ಮ ಹೆಸರು ಹೇಳಿ. ನಂಬರ್ ಬೇಡ, ಹೆಸರು."

ಮಧ್ಯಾಹ್ನ ಒಟ್ಟಿಗೆ ಮನೆಗೆ ಹೋಗೋಣ ಎಂದು ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆ. ಅವಳು ಎರಡು ಸಲ ಆ ಕಡೆ ನೋಡಿದಳು. ಮೂರನೇ ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮೇಡಂ," ಎಂದಳು ನನಗೆ. "ಆ ಬೆಂಚು ರೋಗಿಗಳಿಗೆ. ದಯವಿಟ್ಟು ಎದ್ದೇಳಿ."

ಎದ್ದೆ.